ಬದುಭಂಗ ಮೀಮಾಂಸೆ
(ಅನುಮತಿರಹಿತ ಕ್ಷೇತ್ರಪ್ರವೇಶದ ತಾತ್ವಿಕ ನೆಲೆಗಳು: ಒಂದು ಸಂಶೋಧನಾ ಪ್ರಬಂಧ)

ಪ್ರಸ್ತುತ ಪ್ರಬಂಧವು, ವಿದ್ಯುತ್ ಪ್ರಸರಣ ಮಾರ್ಗದ ಗುತ್ತಿಗೆದಾರನು ಭೂಮಾಲೀಕನನ್ನು ಕೇಳದೆಯೇ ಹೊಲಕ್ಕೆ ಇಳಿಯುವ ವಿದ್ಯಮಾನವನ್ನು ತಾತ್ವಿಕ, ನ್ಯಾಯಿಕ ಹಾಗೂ ಬದುಶಾಸ್ತ್ರೀಯ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ: ತಿಪಟೂರು ಸೀಮೆಯ ಒಂದು ಸರ್ವೆ ನಂಬರು. ಅಧ್ಯಯನದ ಮಿತಿ: ಸದರಿ ಸರ್ವೆ ನಂಬರು ಸಂಶೋಧಕನದೇ ಆಗಿರುವುದರಿಂದ ವಸ್ತುನಿಷ್ಠತೆಯು ಅಲ್ಲಲ್ಲಿ ಕೈಕೊಡುವ ಸಂಭವವಿದೆ. ಆಕರ ಸಾಮಗ್ರಿ: ಒಡೆದ ಬದು, ತುಂಡಾದ ಡ್ರಿಪ್ ಪೈಪು, ಜೆಸಿಬಿ ಗಾಲಿಯ ಗುರುತು.

ಇಷ್ಟು ಗಹನವಾದ ಭಾಷೆ ಏಕೆ ಎಂದು ಓದುಗರು ಕೇಳಬಹುದು. ರೈತನಿಗೆ ಬರುವ ಪತ್ರವೂ ಇದೇ ಭಾಷೆಯಲ್ಲಿರುತ್ತದೆ, ಅದಕ್ಕೆ. “ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸಾರ್ವಜನಿಕ ಹಿತದೃಷ್ಟಿಯಿಂದ ಕೈಗೊಳ್ಳಲಾಗಿರುವ ಕಾಮಗಾರಿಗೆ ತಾವು ಅಡ್ಡಿಪಡಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ.” ಕಾಮಗಾರಿ ಕೈಗೊಂಡವರು ಯಾರು? ಬದು ಒಡೆದವರು ಯಾರು? ಬಂದದ್ದು ಯಾರ ಗಮನಕ್ಕೆ? ಪತ್ರದಲ್ಲಿ ಯಾರೂ ಇಲ್ಲ. ಎಲ್ಲವೂ ಕೈಗೊಳ್ಳಲಾಗಿರುತ್ತದೆ, ಅಗೆಯಲಾಗಿರುತ್ತದೆ, ಕಡಿಯಲಾಗಿರುತ್ತದೆ. ಇಡೀ ಕಾಗದದಲ್ಲಿ ತಂದೆಯ ಹೆಸರು ಸಮೇತ ನಮೂದಾಗಿರುವ ಮನುಷ್ಯ ಒಬ್ಬನೇ, ಅಡ್ಡಿಪಡಿಸಿದವನು.

ಅಧ್ಯಾಯ ಒಂದು: ಪ್ರಮಾಣ ವಿಚಾರ

ಮೊದಲಿಗೆ, ಅನುಮತಿ ಎಂಬ ಪದಾರ್ಥವು ಇದೆಯೋ ಇಲ್ಲವೋ ಎಂಬುದನ್ನು ಪ್ರಮಾಣಗಳಿಂದ ಸಾಧಿಸಬೇಕು. ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಂಡ ಸಂವಾದ ಹೀಗಿದೆ:

“ಯಾರ್ನ್ ಕೇಳಿ ಇಳ್ದ್ರಪ್ಪಾ ಹೊಲಕ್ಕೆ?”

“ಮೇಲಿಂದ ಆರ್ಡ್ರಾಗೈತೆ ಯಜಮಾನ್ರೆ.”

“ಕಾಗ್ದ ತೋರ್ಸಿ, ನೋಡಾನ.”

“ಕಾಗ್ದ ಆಫೀಸ್ನಲ್ಲೈತೆ.”

“ಆಫೀಸು ಎಲ್ಲೈತೆ?”

“ಅದು ನಮ್ ಸಾಹೇಬ್ರಿಗೇ ಗೊತ್ತು. ಸಾಹೇಬ್ರು ಮೀಟಿಂಗ್ನಲ್ಲವ್ರೆ.”

ಇಲ್ಲಿ ಪ್ರತ್ಯಕ್ಷ ಪ್ರಮಾಣವು ಬಿದ್ದುಹೋಯಿತು. ಕಾಗದವನ್ನು ಯಾರೂ ಕಂಡಿಲ್ಲ. ಆದರೆ ಅನುಮಾನ ಪ್ರಮಾಣವುಂಟು. ಈ ಹೊಲವು ಆದೇಶವುಳ್ಳದ್ದು ಎಂಬುದು ಪ್ರತಿಜ್ಞೆ. ಜೆಸಿಬಿ ಇರುವುದರಿಂದ ಎಂಬುದು ಹೇತು. ಎಲ್ಲೆಲ್ಲಿ ಜೆಸಿಬಿಯೋ ಅಲ್ಲಲ್ಲಿ ಆದೇಶ, ಪಕ್ಕದೂರಿನ ತೋಟದಲ್ಲಿದ್ದಂತೆ ಎಂಬುದು ಉದಾಹರಣೆ. ಪಕ್ಕದೂರಿನವರನ್ನು ವಿಚಾರಿಸಲಾಗಿ, ಅವರಿಗೆ ನಮ್ಮ ಹೊಲವನ್ನು ಉದಾಹರಣೆಯಾಗಿ ಕೊಡಲಾಗಿತ್ತೆಂದು ತಿಳಿದುಬಂತು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಸೈಟ್ ಇಂಜಿನಿಯರು ಇದನ್ನು ಪ್ರೋಗ್ರೆಸ್ ಎನ್ನುತ್ತಾರೆ.

ಇನ್ನು ಅನುಪಲಬ್ಧಿ. ಯಾರೂ ಬೇಡವೆನ್ನಲಿಲ್ಲವಾದ್ದರಿಂದ ಬೇಕೆಂದರು ಎಂದೇ ಅರ್ಥ. ಬೇಡವೆನ್ನಬೇಕಾದವರು ಅಂದು ನಂಟರ ಮದುವೆಗೆ ಹೋಗಿದ್ದರು ಎಂಬುದು ಈ ಪ್ರಮಾಣವನ್ನು ದುರ್ಬಲಗೊಳಿಸುವುದಿಲ್ಲ. ಇನ್ನಷ್ಟು ಬಲಪಡಿಸುತ್ತದೆ. ಉಪಮಾನ, ಅರ್ಥಾಪತ್ತಿಗಳು ಬಾಕಿ ಇವೆ. ಅವನ್ನು ವಿದ್ಯಾರ್ಥಿಗಳು ತಮ್ಮ ತಮ್ಮ ಹೊಲಗಳಲ್ಲಿ ಸಾಧಿಸಿಕೊಳ್ಳುವುದು.

ಅಧ್ಯಾಯ ಎರಡು: ಪ್ರವೇಶಕರ ಸಪ್ತವಿಧ ವರ್ಗೀಕರಣ

ಪ್ರವೇಶಕರು ಏಳು ವಿಧ. ಮೊದಲನೆಯವನು ಗೂಟಪ್ರವೇಶಕ. ತ್ರಿಪಾದಿಯ ಮೇಲೆ ದುರ್ಬೀನು ಇಟ್ಟು ನೋಡುತ್ತಾನೆ, ಕೆಂಪು ಬಣ್ಣ ಬಳಿದ ಗೂಟ ನೆಡುತ್ತಾನೆ, “ಸುಮ್ನೆ ಅಳ್ತೆ ಅಷ್ಟೆ” ಎನ್ನುತ್ತಾನೆ, ಕುಡಿಯಲು ನೀರು ಕೇಳುತ್ತಾನೆ. ನಾವು ಮಜ್ಜಿಗೆಯನ್ನೇ ಕೊಡುತ್ತೇವೆ. ಶಾಸ್ತ್ರದ ದೃಷ್ಟಿಯಿಂದ ಇವನೇ ಮುಖ್ಯ, ಏಕೆಂದರೆ ಮುಂದಿನದೆಲ್ಲ ಆ ಗೂಟದಲ್ಲೇ ತೀರ್ಮಾನವಾಗಿರುತ್ತದೆ. ಮಾರ್ಗ ಪಕ್ಕಕ್ಕೆ ಸರಿಯುವುದಿದ್ದರೆ ಅಂದೇ ಸರಿಯಬೇಕು. ಆಮೇಲೆ ಅದು ಯಾವುದೋ ಪ್ರಭಾವಿಯ ತೋಟ ತಪ್ಪಿಸಲು ಸೊಟ್ಟಗಾಗುತ್ತದೆಯೇ ಹೊರತು ನಮಗಾಗಿ ಅಲ್ಲ.

ಎರಡನೆಯವನು ಖನಕ. ಗೋಪುರದ ನಾಲ್ಕು ಕಾಲಿಗೆ ನಾಲ್ಕು ಗುಂಡಿ ತೋಡುತ್ತಾನೆ. ತಲೆಮಾರುಗಳಿಂದ ಗೊಬ್ಬರ ಹೊಡೆದು ಹದ ಮಾಡಿದ ಮೇಲ್ಮಣ್ಣನ್ನು ಅಡಿಗೆ ಹಾಕಿ, ಅಡಿಯ ಗರಸನ್ನು ಮೇಲೆ ಹರಡಿ, ಉಳಿದ ಜಲ್ಲಿ ಕಾಂಕ್ರೀಟನ್ನು ಸಾಲಿನಲ್ಲೇ ಸುರಿದು ಹೋಗುತ್ತಾನೆ. ಮರುವರ್ಷ ನೇಗಿಲು ಅದನ್ನು ಪತ್ತೆ ಮಾಡುತ್ತದೆ.

ಮೂರನೆಯವನು ತಂತಿಕರ್ಷಕ. ಕಾರ್ತಿಕದಲ್ಲಿ, ರಾಗಿ ತೆನೆ ಕಟ್ಟಿ ಇನ್ನೇನು ಕುಡುಗೋಲು ಹಾಕಬೇಕು ಎನ್ನುವ ಹೊತ್ತಿಗೆ ಇವನು ಬರುತ್ತಾನೆ. ಹಗ್ಗವನ್ನೂ ಅದರ ಹಿಂದೆ ಅಲ್ಯೂಮಿನಿಯಂ ತಂತಿಯನ್ನೂ ಗೋಪುರದಿಂದ ಗೋಪುರಕ್ಕೆ ಎಳೆಯುವಾಗ ಅದು ನೆಲದ ಮೇಲೆ ಹೊರಳಾಡಿಕೊಂಡು ಹೋಗುತ್ತದೆ. ಅದು ಹೋದಲ್ಲೆಲ್ಲ ರಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ತಂತಿ ಎಳೆಯುವ ಹುಡುಗರು ದೂರದ ರಾಜ್ಯದವರು, ಕನ್ನಡ ಬಾರದು, ದಿನಗೂಲಿ ಬಿಟ್ಟರೆ ಅವರಿಗೂ ಈ ಗೋಪುರಕ್ಕೂ ಸಂಬಂಧವಿಲ್ಲ. ಅವರನ್ನು ಬೈದರೆ ನಕ್ಕು ಸಲಾಂ ಹೊಡೆಯುತ್ತಾರೆ. ಅವರ ಮೇಲೆ ಮೇಸ್ತ್ರಿ, ಮೇಸ್ತ್ರಿಯ ಮೇಲೆ ಉಪಗುತ್ತಿಗೆದಾರ, ಉಪಗುತ್ತಿಗೆದಾರನ ಮೇಲೆ ಗುತ್ತಿಗೆದಾರ, ಅವನ ಮೇಲೆ ಕಂಪನಿ. ನಷ್ಟ ಯಾರ ತಲೆಗೆ ಎಂದು ಕೇಳುತ್ತ ಹೋದರೆ ಪ್ರತಿಯೊಬ್ಬನೂ ನೇತಿ, ನೇತಿ ಎನ್ನುತ್ತಾನೆ.

ನಾಲ್ಕರಿಂದ ಏಳರವರೆಗಿನ ವರ್ಗಗಳನ್ನು ಇಲ್ಲಿಗೆ ಕೈಬಿಡಲಾಗಿದೆ. ಎಲ್ಲರೂ ಅದೇ ಬದುವನ್ನು ಒಡೆದುಕೊಂಡೇ ಬಂದವರು.

ಅಧ್ಯಾಯ ಮೂರು: ಪ್ರೇತ ಕಾಯ್ದೆಯ ಸಂಕಥನ

ಈಗ ಕಾನೂನಿಗೆ ಬರೋಣ. ಇಲ್ಲಿ ಸಂಶೋಧಕನು ಏನನ್ನೂ ಕಟ್ಟಿ ಹೇಳಬೇಕಾಗಿಲ್ಲ, ಇದ್ದದ್ದನ್ನು ಇದ್ದಹಾಗೆ ಬರೆದರೆ ಸಾಕು.

ಹೊಲಕ್ಕೆ ಇಳಿಯುವ ಅಧಿಕಾರ ಬರುವುದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯಿಂದ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ. ಅಂದರೆ ಆ ಕರೆಂಟು ಹರಿಯುವುದಕ್ಕೆ 17 ವರ್ಷ ಮುಂಚೆಯೇ, ತಂತಿ ಇಲಾಖೆಯ ಸಣ್ಣ ಕಂಬಗಳಿಗೆಂದು ಬರೆದ ಕಾನೂನು ಇದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಂ, ತಂತಿ ಇಲಾಖೆಯ ಅದೇ ಅಧಿಕಾರವನ್ನು ವಿದ್ಯುತ್ ಮಾರ್ಗ ಎಳೆಯುವವರಿಗೂ ಸರ್ಕಾರ ವಹಿಸಿಕೊಡಬಹುದು ಎಂದಿತು. 2013ರ ಜುಲೈನಲ್ಲಿ ದೇಶದಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು. 2023ರ ದೂರಸಂಪರ್ಕ ಕಾಯ್ದೆಯು ಹಳೆಯ ಟೆಲಿಗ್ರಾಫ್ ಕಾಯ್ದೆ ರದ್ದು ಎಂದು ಬರೆಯಿತು. ಆದರೆ ಒಂದು ಮಾತು ಸೇರಿಸಿತು: ವಿದ್ಯುತ್ ಮಾರ್ಗಗಳ ಮಟ್ಟಿಗೆ ಅದರ ಮೂರನೇ ಭಾಗ ಜಾರಿಯಲ್ಲೇ ಇರತಕ್ಕದ್ದು. ತಿಥಿ ಮುಗಿಸಿಕೊಂಡ ಮುತ್ತಾತ ಊರೆಲ್ಲ ಬಿಟ್ಟು ನಮ್ಮ ಬದುವಿನ ಮೇಲೆ ಮಾತ್ರ ಓಡಾಡಿಕೊಂಡಿದ್ದಾನೆ.

ಆ ಅಧಿಕಾರ ಇರುವವರಿಗೆ ಭೂಮಾಲೀಕನ ಪೂರ್ವಾನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟೂ 2016ರಲ್ಲಿ ಹೇಳಿಬಿಟ್ಟಿದೆ. ಇದಲ್ಲದೆ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂನಲ್ಲಿ ಒಂದು ಅದ್ವೈತವಿದೆ. ಕಂಬ ನೆಟ್ಟವರಿಗೆ ಜಮೀನಿನ ಮೇಲೆ ಬಳಕೆಯ ಹಕ್ಕು ಮಾತ್ರ, ಬೇರೆ ಹಕ್ಕಿಲ್ಲ. ಜಮೀನು ನಿನ್ನದೇ. ಪಹಣಿಯಲ್ಲಿ ನಿನ್ನದೇ ಹೆಸರು. ಕಂದಾಯ ಕಟ್ಟುವವನೂ ನೀನೇ. ಮನೆ ಕಟ್ಟಬೇಡ, ತೆಂಗು ನೆಡಬೇಡ ಅಷ್ಟೆ. 220 ಕೆವಿ ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿ ಬೇಕು. ಒಂದು ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಸುಮಾರು ಎಂಟೂವರೆ ಎಕರೆ. ಆ ಎಂಟೂವರೆ ಎಕರೆ ಯಾರೂ ಕಿತ್ತುಕೊಂಡದ್ದಲ್ಲ, ಸ್ವಾಧೀನಪಡಿಸಿಕೊಂಡದ್ದೂ ಅಲ್ಲ. ಅದು ಇದ್ದೂ ಇಲ್ಲದ ಮಾಯೆ.

ಅದೇ 10ನೇ ಕಲಂ ಇನ್ನೆರಡು ಮಾತು ಹೇಳುತ್ತದೆ. ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡತಕ್ಕದ್ದು. ಆದ ಹಾನಿಗೆ ಪೂರ್ಣ ಪರಿಹಾರ ಕೊಡತಕ್ಕದ್ದು. ಕಲಂನ ಮೊದಲ ಅರ್ಧವನ್ನು ಮೇಸ್ತ್ರಿಯೂ ಬಾಯಿಪಾಠ ಹೇಳುತ್ತಾನೆ. ಎರಡನೆಯ ಅರ್ಧ ಕೇಳಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಅಧ್ಯಾಯ ನಾಲ್ಕು: ಪರಿಹಾರ ಸೌಂದರ್ಯಶಾಸ್ತ್ರ

ಕೇಂದ್ರದ ವಿದ್ಯುತ್ ಸಚಿವಾಲಯವು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಗೋಪುರದ ನಾಲ್ಕು ಕಾಲಿನ ನಡುವಿನ ನೆಲಕ್ಕೆ ಜಮೀನಿನ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. ಅದೂ 66 ಕೆವಿ ಮತ್ತು ಮೇಲಿನ ಮಾರ್ಗಗಳಿಗೆ. 2024ರ ಜೂನ್‌ನಲ್ಲಿ ಇದನ್ನು ಪರಿಷ್ಕರಿಸಿ ಗೋಪುರದ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದರು. ಒಳ್ಳೆಯದೇ. ಆದರೆ ಮಾರ್ಗಸೂಚಿ ಎಂದರೆ ಕಾಯ್ದೆಯಲ್ಲ. ಗ್ಯಾಸ್ ಪೈಪಿನವರದು ಇನ್ನೂ ಹಳೆಯ ಲೆಕ್ಕ. 1962ರ ಪೈಪ್‌ಲೈನ್ ಕಾಯ್ದೆಯಲ್ಲಿ ಬಳಕೆಯ ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇ. 10. ಆ ಪಟ್ಟಿಯಲ್ಲಿ ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.

ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೌರ ಪಾರ್ಕಿಗೆ ರೈತರ ಜಮೀನನ್ನು ಗುತ್ತಿಗೆಗೆ ಪಡೆದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತಾಯಿತು. ಕಾಲಕಾಲಕ್ಕೆ ಏರಿಕೆಯೂ ಉಂಟು. ಅಲ್ಲಿಯೂ ತಕರಾರುಗಳಿವೆ, ಇರಲಿ. ಕರೆಂಟು ಹುಟ್ಟುವ ನೆಲಕ್ಕೆ ವರ್ಷವರ್ಷ ಬಾಡಿಗೆ ಕೊಡಲು ಬರುವುದಾದರೆ, ಅದನ್ನು ತಲೆಯ ಮೇಲೆ ಹೊತ್ತ ನೆಲಕ್ಕೆ ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳುವುದೇಕೆ? ಈ ಪ್ರಶ್ನೆಗೆ ಯಾವ ಮೀಮಾಂಸೆಯೂ ಬೇಡ.

ಮೂಲ ಯೋಜನೆಯಲ್ಲಿ ಈ ಅಧ್ಯಾಯಕ್ಕೆ ಪರಿಹಾರದ ರಸ, ಧ್ವನಿ, ಔಚಿತ್ಯಗಳ ಚರ್ಚೆ ಇತ್ತು. ಪರಿಹಾರದ ಸ್ಥಾಯಿಭಾವ ನಿರ್ವೇದ ಎಂದು ಸಾಧಿಸುವ ಉಮೇದೂ ಇತ್ತು. ಅದನ್ನು ಬಿಟ್ಟು, ಮರ ಕಡಿದದ್ದನ್ನು ಹೇಳುತ್ತೇನೆ.

ನಮ್ಮ ಕಡೆಯ ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದಮೇಲೆ ತಿಂಗಳಿಗೊಂದು ಹೊಂಬಾಳೆ ಒಡೆಯುತ್ತದೆ, ಒಂದು ಕಾಯಿ ಬಲಿಯಲು ವರ್ಷ ಹಿಡಿಯುತ್ತದೆ. ಹಾಗಾಗಿ ಯಾವ ದಿನ ತಲೆಯೆತ್ತಿ ನೋಡಿದರೂ ಮರದ ಮೇಲೆ ಹೊಂಬಾಳೆ, ಹರಳು, ಎಳನೀರು, ಬಲಿತ ಕಾಯಿ ಹೀಗೆ ಒಂದು ಪೂರ್ತಿ ವರ್ಷ ಇರುತ್ತದೆ. ಅದರಾಚೆ, ಇಳಿಸಿದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗಬೇಕು. ಇಷ್ಟು ನಿಧಾನದ ಬೆಳೆಯನ್ನು ಗರಗಸದ ಮೆಷಿನ್ನಿನವರು ಒಂದು ಮಧ್ಯಾಹ್ನದಲ್ಲಿ ಉರುಳಿಸಿದರು. ಮಹಜರಿನಲ್ಲಿ ಬಲಿತ ಕಾಯಿಯನ್ನಷ್ಟೇ ಎಣಿಸಿದರು. ಹರಳು, ಹೊಂಬಾಳೆಗಳಿಗೆ ಕಾಲಮ್ ಇರಲಿಲ್ಲ. ಮರದ ವಯಸ್ಸು ಎಂಬ ಕಡೆ “ಅಂದಾಜು” ಎಂದು ಬರೆದರು. ಅಪ್ಪ ಆ ಸಾಲು ನೆಟ್ಟ ವರ್ಷ ಯಾವುದೆಂದು ನಮ್ಮವ್ವನಿಗೆ ಗೊತ್ತಿತ್ತು. ಅವಳು ಅಲ್ಲೇ ನಿಂತಿದ್ದಳು. ಅವಳನ್ನು ಕೇಳಿದವರಿಲ್ಲ.

ಕರೆಂಟು ಬೇಡ ಎಂದವರು ಯಾರೂ ಇಲ್ಲ. ನಮ್ಮ ಕೊಳವೆಬಾವಿಯ ಮೋಟಾರು ಓಡುವುದೂ ಅದರಿಂದಲೇ. ಹೊಲ ದಾಟದೆ ತಂತಿ ಹೋಗಲಾರದು ಎಂಬುದೂ ಗೊತ್ತು. ಆದರೆ ರಾಗಿ ಕುಯ್ಯುವವರೆಗೆ ಕಾಯಬಹುದಿತ್ತು. “ಇಂಥ ದಿನ ಬರುತ್ತೇವೆ, ಪೈಪು ಎಲ್ಲೆಲ್ಲಿ ಹಾಯ್ದಿದೆ ತೋರಿಸಿ” ಎಂದು ಹಿಂದಿನ ದಿನ ಒಂದು ಫೋನು ಮಾಡಬಹುದಿತ್ತು. ಗೇಟಿನಿಂದ ಬರಬಹುದಿತ್ತು. ಗೇಟು ಇತ್ತು, ಸ್ವಾಮಿ, ಬೀಗವೂ ಹಾಕಿರಲಿಲ್ಲ! ಬದು ಒಡೆದೇ ಏಕೆ ಬಂದಿರಿ? ಮಳೆನೀರು ಹಿಡಿದಿಡಲು ಕಟ್ಟಿದ ಬದು ಅದು. ಮುಂದಿನ ಹದಮಳೆಗೆ ಅಲ್ಲಿಂದಲೇ ಮಣ್ಣು ಕೊಚ್ಚಿಹೋಯಿತು. ಅದು ಯಾವ ಮಹಜರಿನಲ್ಲಿ ಬರುತ್ತದೆ, ಯಾವ ಶೇಕಡಾವಾರಿನಲ್ಲಿ ಬರುತ್ತದೆ?

ಉಪಸಂಹಾರಕ್ಕೆ ಬದಲಾಗಿ

ಗೂಟ ನೆಡಲು ಬಂದ ದಿನವೇ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. 164ನೇ ಕಲಂನ ಅಧಿಕಾರ ಯಾವ ಆದೇಶದಲ್ಲಿ ಸಿಕ್ಕಿದೆ, ಅದರ ಪ್ರತಿ ಕೇಳಿ. ನೀವು ತಡೆದಾಗ ಜಿಲ್ಲಾಧಿಕಾರಿಗಳ ಆದೇಶ ತರಬೇಕಾದವರು ಮಾರ್ಗ ಎಳೆಯುವವರು. ಆ ಆದೇಶ ಬಂದಮೇಲೆ ಮಾತ್ರ ಅಡ್ಡ ನಿಲ್ಲಬೇಡಿ, ಅದು ಅಪರಾಧವಾಗುತ್ತದೆ. ಮರ, ಬೆಳೆ, ಪೈಪು, ಬದು ಎಲ್ಲದರ ಫೋಟೊವನ್ನು ಯಂತ್ರ ಬರುವ ಮುಂಚೆಯೇ ತೆಗೆದಿಡಿ. ಖಾಲಿ ಬಿಟ್ಟ ಮಹಜರಿಗೆ ಸಹಿ ಹಾಕಬೇಡಿ. ಪರಿಹಾರ ಕಡಿಮೆಯಾಯಿತೆನಿಸಿದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕುವ ಹಕ್ಕನ್ನು ಅದೇ 1885ರ ಕಾಯ್ದೆಯ 16ನೇ ಕಲಂ ಕೊಟ್ಟಿದೆ. ಅದೂ ಇನ್ನೂ ಜಾರಿಯಲ್ಲಿದೆ.