ಟವರ್ ಮೀಮಾಂಸೆ: ಶುಭೋದಯವು ತಪ್ಪದೆ ತಲುಪುವ ಬಗೆ

ಮಲೆನಾಡಿನ ವಿದ್ವಾಂಸರಲ್ಲಿ ಎರಡು ಪಂಥಗಳಿವೆ. ತುಳಸಿಕಟ್ಟೆಯ ಬಳಿ ನಿಂತರೆ ಟವರ್ ಸಿಗುತ್ತದೆ ಎನ್ನುವವರದು ಒಂದು. ಅಡಿಕೆ ಚಪ್ಪರದ ಈಶಾನ್ಯದ ಕಂಬ ಹಿಡಿದುಕೊಂಡರೆ ಮಾತ್ರ ಎನ್ನುವವರದು ಇನ್ನೊಂದು. ಗುಡ್ಡ ಹತ್ತದೆ ಗತಿಯಿಲ್ಲ ಎಂಬ ಮೂರನೆಯ ಮತವೂ ಉಂಟು. ಅದರ ಅನುಯಾಯಿಗಳು ಹೆಚ್ಚಾಗಿ ಶಾಲೆಯ ಮಕ್ಕಳು, ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕಾಗಿ ಮಳೆಯಲ್ಲಿ ಕೊಡೆ ಹಿಡಿದು ಸಾಧನೆ ಮಾಡಿದವರು. ಈ ಭಿನ್ನಮತಗಳ ಸಮನ್ವಯ ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಅದಕ್ಕಿಂತ ಗಹನವಾದ ಪ್ರಶ್ನೆ ನಮ್ಮೆದುರಿಗಿದೆ: ಮಗನ ವಿಡಿಯೋ ಕಾಲ್ ನಿಲ್ಲದ ಜಾಗಕ್ಕೆ ಸೋದರತ್ತೆಯ ಗುಲಾಬಿ ಹೂವಿನ 'ಶುಭೋದಯ' ಹೇಗೆ ಬಂದು ಮುಟ್ಟುತ್ತದೆ?

ಮೊದಲು ಪೂರ್ವಪಕ್ಷ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಇರುವಂತೆ ಎಲ್ಲಿ ಕಡ್ಡಿಯೋ ಅಲ್ಲಿ ನೆಟ್ ಇರಲೇಬೇಕೆಂದು ತಾರ್ಕಿಕರ ವಾದ. ಈ ವ್ಯಾಪ್ತಿ ನಿಲ್ಲದು. ಫೋನಿನ ಮೂಲೆಯ ಕಡ್ಡಿಗಳು ಟವರಿನ ಸಿಗ್ನಲ್ ಎಷ್ಟು ಬಲವಾಗಿ ಬಂದು ಮುಟ್ಟುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಅದೇ ಟವರಿಗೆ ಎಷ್ಟು ಜನ ಜೋತುಬಿದ್ದಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದು ಕೂಡ ಫೋನ್ ತಯಾರಿಸಿದವನ ಔದಾರ್ಯಕ್ಕೆ ಬಿಟ್ಟದ್ದು. ರಥೋತ್ಸವದ ದಿನ ತೇರಿನ ಪಕ್ಕ ನಿಂತು ಪರೀಕ್ಷಿಸಿ: ಕಡ್ಡಿ ಪೂರ್ತಿ ಇರುತ್ತದೆ, ಚಕ್ರ ಮಾತ್ರ ಸುತ್ತುತ್ತಲೇ ಇರುತ್ತದೆ. ತೇರಿನದಲ್ಲ, ಫೋನಿನದು.

ಇನ್ನು ಇತಿಹಾಸ. ಜಗತ್ತಿನ ಮೊದಲ ಎಸ್ಸೆಮ್ಮೆಸ್ 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಹೋಯಿತು. ಒಕ್ಕಣೆ: ಮೇರಿ ಕ್ರಿಸ್‌ಮಸ್. ಹಬ್ಬಕ್ಕೆ ಇನ್ನೂ 22 ದಿನವಿತ್ತು. ಅವಸರವಿಲ್ಲದ ಶುಭಾಶಯವೇ ಈ ವಿದ್ಯೆಯ ಮೂಲ ಪುರುಷ ಎಂಬುದಕ್ಕೆ ಇದಕ್ಕಿಂತ ಬೇರೆ ಶಾಸನ ಬೇಕಿಲ್ಲ.

ಆ ಎಸ್ಸೆಮ್ಮೆಸ್ಸಿನ ಚೀಲದಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ ಬರೀ 70. ಅದರಲ್ಲೂ ಒತ್ತು, ದೀರ್ಘ, ಕೊಂಬು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ' ಅಲ್ಲಿ 6. ಮದುವೆಯ ಕರೆಯೋಲೆಯನ್ನು 'ಶ್ರೀಮತಿ ಮತ್ತು ಶ್ರೀ' ಎಂದು ಶುರುಮಾಡಿದರೆ ಹೆಸರು ಬರುವ ಮೊದಲೇ 18 ಖರ್ಚು; ಮುಹೂರ್ತ ಎರಡನೆಯ ಮೆಸೇಜಿಗೆ, ಊಟ ಮೂರನೆಯದಕ್ಕೆ. ಕನ್ನಡಿಗರು 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿತದ್ದಕ್ಕೆ ಭಾಷಾಭಿಮಾನದ ಕೊರತೆ ಕಾರಣವೆಂದು ಗುಡುಗುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ ಎಂಬ ಕಂಪನಿಗಳ ಕಟ್ಟಳೆ ಬೇರೆ. ದೀಪಾವಳಿಯ ಶುಭಾಶಯ ನರಕ ಚತುರ್ದಶಿಗೂ ಮುಂಚೆಯೇ ಬಂದು ಬೀಳುತ್ತಿದ್ದುದು ಭಕ್ತಿಯಿಂದಲ್ಲ.

ಎಂಎಂಎಸ್ ಎಂಬ ಅಲ್ಪಾಯುಷಿಯ ವಿಚಾರವನ್ನು ಬೇಗ ಮುಗಿಸೋಣ. ಅದು ಚಿತ್ರವನ್ನು ನೇರವಾಗಿ ಕೊಡುತ್ತಿರಲಿಲ್ಲ. ಚಿತ್ರ ಬಂದಿದೆ ಎಂಬ ಸುದ್ದಿಯನ್ನು ಮೊದಲು ಕೊಟ್ಟು, ಆಮೇಲೆ ಡೇಟಾದ ಮೂಲಕ ತರಿಸಿಕೊಳ್ಳಲು ಹೇಳುತ್ತಿತ್ತು. ಸೆಟ್ಟಿಂಗ್ ಇಲ್ಲದ ಫೋನಿನವರು ಸುದ್ದಿಯಲ್ಲೇ ತೃಪ್ತರಾದರು.

ಈಗ ಸಿದ್ಧಾಂತ. ಕಾಯಬಲ್ಲದ್ದು ತಲುಪುತ್ತದೆ, ಕಾಯಲಾರದ್ದು ದಾರಿಯಲ್ಲೇ ಹೋಗುತ್ತದೆ. ವಾಟ್ಸಾಪ್ ಸಂದೇಶಕ್ಕೆ ನಾಲ್ಕು ಆಶ್ರಮಗಳು: ಗಡಿಯಾರ, ಒಂದು ಟಿಕ್, ಎರಡು ಟಿಕ್, 2014ರಿಂದೀಚೆಗೆ ನೀಲಿ ಟಿಕ್. ಗಡಿಯಾರವೆಂದರೆ ಇನ್ನೂ ಮನೆ ಬಿಟ್ಟಿಲ್ಲ. ಒಂದು ಟಿಕ್ ಎಂದರೆ ಸರ್ವರಿನಲ್ಲಿ ವಾಸ. ಅಲ್ಲಿ 30 ದಿನ ಕಾದುಕೊಂಡಿರಲು ಅದಕ್ಕೆ ಅಡ್ಡಿಯಿಲ್ಲ. ನೀಲಿ ಟಿಕ್ ಬಿದ್ದ ಮೇಲೂ ಉತ್ತರವಿಲ್ಲವೆಂದರೆ ಸಂನ್ಯಾಸ. ಕರೆಂಟ್ ಹೋಗಿ, ಟವರಿನ ಬ್ಯಾಟರಿ ಸತ್ತು, ಬೆಳಗಿನ ಜಾವ ಅರೆಗಳಿಗೆ ಜೀವ ಬಂದರೂ ಸಾಕು, ಅತ್ತೆಯ ಗುಲಾಬಿ ಒಳಗೆ ನುಸುಳುತ್ತದೆ. ಮೊದಲೇ ಹಿಂಡಿ ಚಿಕ್ಕದು ಮಾಡಿದ ಚಿತ್ರ. ತುಣುಕು ಕಳೆದರೆ ಮತ್ತೆ ಕೇಳಿ ತರಿಸಿಕೊಳ್ಳುವ ತಾಳ್ಮೆಯೂ ಅದಕ್ಕಿದೆ. ಇಲ್ಲಿ ಟಿಸಿಪಿ ಎಂಬ ವೃದ್ಧ ನಿಯಮವೊಂದಿದೆ. ಗುಡ್ಡದ ಮರೆಯಲ್ಲಿ ಪ್ಯಾಕೆಟ್ ಕಳೆದುಹೋದರೂ ದಾರಿಯಲ್ಲಿ ನೂಕುನುಗ್ಗಲೆಂದೇ ಭಾವಿಸಿ ವೇಗವನ್ನು ಅರ್ಧಕ್ಕಿಳಿಸುವುದು ಅದರ ಹಳೆಯ ಸಂಪ್ರದಾಯ. ಗುಲಾಬಿಗೆ ಅದರಿಂದ ನಷ್ಟವೇನು?

ವಿಡಿಯೋ ಕಾಲಿಗೆ ಈ ಭಾಗ್ಯವಿಲ್ಲ. ತಡವಾಗಿ ಬಂದ ಮಾತಿನ ತುಣುಕನ್ನು ಅದು ಎಸೆದುಬಿಡುತ್ತದೆ. ಸಂಭಾಷಣೆ ಸಹಜವೆನಿಸಲು ದನಿ ಒಂದು ಕಡೆಗೆ ಹೋಗುವ ತಡ 150 ಮಿಲಿಸೆಕೆಂಡ್ ದಾಟಬಾರದೆಂಬುದು ದೂರವಾಣಿ ಶಾಸ್ತ್ರದ ಮಡಿ. ಕ್ಷೇತ್ರಕಾರ್ಯದಲ್ಲಿ ದೊರೆತ ಪಾಠ ಹೀಗಿದೆ:

"ಅಮ್ಮಾ, ಕೇಳಿಸ್ತಾ?"

"ಕೇಳ್ತಿದ್ಯೋ. ನಿನ್ನ ಬಾಯಿ ತೆರೆದೇ ಇದೆ, ಮಾತು ಬರ್ತಿಲ್ಲ."

"ಅಮ್ಮಾ, ಕೇಳಿಸ್ತಾ?"

"ಹಲ್ಲು ಡಾಕ್ಟ್ರಿಗೆ ತೋರಿಸ್ಕೋ ಮಾರಾಯ, ಎಡಗಡೆ ಹುಳುಕು."

ಚಿತ್ರ ಸ್ತಂಭಿಸುವುದರಿಂದ ದಂತವೈದ್ಯಕ್ಕೆ ಆಗುತ್ತಿರುವ ಉಪಕಾರವನ್ನು ಯಾವ ಪಂಡಿತರೂ ಇದುವರೆಗೆ ಗಮನಿಸಿದಂತಿಲ್ಲ.

ಇವೆರಡರ ನಡುವಿನ ತ್ರಿಶಂಕು ನೇರಪ್ರಸಾರದ ಕ್ರಿಕೆಟ್. ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿದ ವಿಡಿಯೋವನ್ನು ಫೋನ್ ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ಬಡಿಸುತ್ತದೆ. ನೆಟ್ ಸೊರಗಿದರೆ ಚೆಂಡೇ ಕಾಣದಷ್ಟು ಮಸುಕು ಮಾಡುತ್ತದೆ. ಹೀಗಾಗಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಟೀವಿಯಿರುವ ಪಕ್ಕದ ಮನೆಯಿಂದ 'ಸಿಕ್ಸ್!' ಎಂಬ ಕೂಗು. ತ್ರಿಕಾಲಜ್ಞಾನವು ಡಿಶ್ ಇರುವವರಿಗೆ ಇಂದಿಗೂ ಸುಲಭಸಾಧ್ಯ.

ನಮ್ಮ ಸಿದ್ಧಾಂತಕ್ಕೆ ವಿದೇಶಿ ಪ್ರಮಾಣವೂ ಇದೆ. ಭಾರತೀಯರ ಫೋನುಗಳು ತುಂಬಿ ನಿಲ್ಲುವುದೇಕೆಂದು ಹುಡುಕಿದ ಗೂಗಲ್ ಸಂಶೋಧಕರಿಗೆ ಸಿಕ್ಕ ಕಾರಣಗಳಲ್ಲಿ ಶುಭೋದಯದ ಚಿತ್ರಗಳೂ ಇದ್ದವೆಂದು 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಅದೇ ವರ್ಷ ವಾಟ್ಸಾಪ್, ಬೇರೆ ಗಂಭೀರ ಕಾರಣಗಳಿಗಾಗಿ, ಭಾರತದಲ್ಲಿ ಒಂದು ಸಲಕ್ಕೆ ಐವರಿಗಷ್ಟೇ ಫಾರ್ವರ್ಡ್ ಎಂದು ಕಟ್ಟುಹಾಕಿತು. ಅತ್ತೆ ಐದೈದರಂತೆ ಮುಂದುವರಿಸಿದ್ದಾರೆ.

ಇಷ್ಟಾದ ಮೇಲೂ ಪೂರ್ವಪಕ್ಷಿಗಳು ಏಳುತ್ತಾರೆ: 2022ರ ಅಕ್ಟೋಬರಿನಲ್ಲೇ ದೇಶಕ್ಕೆ 5ಜಿ ಬಂದಿರುವಾಗ ಈ ಚರ್ಚೆಯೇ ವ್ಯರ್ಥವಲ್ಲವೇ? ನಮ್ಮೂರಿನ ಒಬ್ಬ ಪ್ರಮುಖ ಪೂರ್ವಪಕ್ಷಿಗಳಂತೂ ಈ ಪ್ರಬಂಧದ ಖಂಡನೆಯನ್ನು ಪೂರ್ತಿ ಟೈಪ್ ಮಾಡಿಟ್ಟಿದ್ದಾರಂತೆ. ಅದನ್ನು ನನಗೆ ಕಳಿಸುವುದಕ್ಕಾಗಿ ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಕೇಳಿಕೊಂಡು ಬಾ ಎಂದು ಮೊಮ್ಮಗನನ್ನು ಅಟ್ಟಿದ್ದಾರೆ. ಹುಡುಗ ಜಗಲಿಯ ಮೇಲೆ ಕೂತಿದ್ದಾನೆ.