ಪಾದರಕ್ಷಾ ವಿಯೋಗ ಮೀಮಾಂಸೆ

ದೇವಸ್ಥಾನದ ಒಳಗೆ ನಡೆಯುವುದು ಭಕ್ತಿ. ತತ್ತ್ವಶಾಸ್ತ್ರವೆಲ್ಲ ನಡೆಯುವುದು ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಜ್ಞಾನ, ನೀತಿ, ಕಲೆ, ಶ್ರದ್ಧೆಗಳ ಪ್ರಶ್ನೆಗಳೆಲ್ಲ ಬರಿಗಾಲಲ್ಲಿ ನಿಂತವನಿಗೆ ತಾವಾಗಿಯೇ ಹೊಳೆಯುತ್ತವೆ. ಇದಕ್ಕೆ ಎಂ.ಎ. ಬೇಕಿಲ್ಲ, ಮಧ್ಯಾಹ್ನದ ಕಾದ ಕಲ್ಲುಹಾಸು ಸಾಕು.

ಮೊದಲು ಜ್ಞಾನ. ದರ್ಶನ ಮುಗಿಸಿ ಬಂದ ಭಕ್ತ ಕಂಬದ ಬುಡ ನೋಡುತ್ತಾನೆ. ಚಪ್ಪಲಿ ಇಲ್ಲ. ಈ 'ಇಲ್ಲ'ವನ್ನು ಅವನು ಯಾವ ಪ್ರಮಾಣದಿಂದ ತಿಳಿದ? ಕಣ್ಣಿಗೆ ಬಿದ್ದದ್ದು ಬಾಡಿದ ತುಳಸಿ ಎಸಳು, ತೆಂಗಿನ ನಾರು, ಯಾರದೋ ಮಗುವಿನ ಒಂಟಿ ಬೂಟು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆಂದೇ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಇಟ್ಟುಕೊಂಡಿದ್ದಾರೆ. ನೈಯಾಯಿಕರು ನಾಲ್ಕಕ್ಕೇ ನಿಲ್ಲಿಸಿ, ಅಭಾವವೂ ಪ್ರತ್ಯಕ್ಷವೇ ಎಂದು ಹಟ ಹಿಡಿದರು. ಶತಮಾನಗಳ ಈ ಜಗಳ ನಡೆದದ್ದು ನೆಲದ ಮೇಲೆ ಇಲ್ಲದ ಗಡಿಗೆಯನ್ನು ಕುರಿತು. ಗಡಿಗೆಯನ್ನೇ ಯಾಕೆ ಆರಿಸಿಕೊಂಡರೋ!

ಅಭಾವದಲ್ಲಿ ನಾಲ್ಕು ಬಗೆ. ಚಪ್ಪಲಿ ಹೊಲಿಯುವ ಮುಂಚಿನದು ಪ್ರಾಗಭಾವ, ಸವೆದು ಚಿಂದಿಯಾದ ಮೇಲಿನದು ಪ್ರಧ್ವಂಸಾಭಾವ. ಅಕ್ಕಪಕ್ಕದ ಜೋಡಿಯೊಂದನ್ನು ಕಾಲಲ್ಲೇ ಮಗುಚಿ, "ನಮ್ಮದಕ್ಕೆ ಮೊಳೆ ಹೊಡೆಸಿರಲಿಲ್ಲ" ಎಂದು ಬಿಡುವಾಗ ತಿಳಿಯುವುದು ಅನ್ಯೋನ್ಯಾಭಾವ. ಅತ್ಯಂತಾಭಾವಕ್ಕೆ ಉದಾಹರಣೆ, ಚಪ್ಪಲಿ ಸ್ಟ್ಯಾಂಡಿನವನ ಹತ್ತಿರ ಚಿಲ್ಲರೆ.

ಪಶ್ಚಿಮದವರಿಗೆ ಈ ಸಮಸ್ಯೆ ತಡವಾಗಿ ತಗುಲಿತು. 'ಕಂಬದ ಪಕ್ಕ ನನ್ನ ಅಳತೆಯ ಕರಿ ಚಪ್ಪಲಿ ಇದೆ' ಎಂದು ಗರ್ಭಗುಡಿಯ ಮುಂದೆ ನಿಂತವನ ನಂಬಿಕೆ. ಅಷ್ಟರಲ್ಲಿ ಅವನದು ಹೋಗಿ, ಅದೇ ಅಳತೆಯ ಇನ್ನೊಂದು ಕರಿ ಜೋಡಿ ಅಲ್ಲಿಗೆ ಬಂದಿದೆ. ನಂಬಿಕೆ ನಿಜ, ನಂಬಲು ಕಾರಣವೂ ಇತ್ತು. ಆದರೆ ಅದು ಜ್ಞಾನವೇ? 1963ರಲ್ಲಿ ಎಡ್ಮಂಡ್ ಗೆಟಿಯರ್ ಇಂಥದ್ದೇ ತೊಡಕನ್ನು ಮೂರು ಪುಟಗಳಲ್ಲಿ ಬರೆದು ವಿದ್ವಾಂಸರ ನಿದ್ದೆ ಕೆಡಿಸಿದರು. ಶನಿವಾರ ಆಂಜನೇಯನ ಗುಡಿ ಮುಂದೆ ಒಂದು ಗಳಿಗೆ ನಿಂತಿದ್ದರೆ ಮೂರು ಪುಟವೂ ಬೇಕಾಗುತ್ತಿರಲಿಲ್ಲ.

ಇನ್ನು ನೀತಿ. ಬಂದ ಆ ಜೋಡಿಯನ್ನು ಮೆಟ್ಟಿಕೊಂಡು ಹೋಗಬಹುದೇ? ಎಲ್ಲರೂ ಹಾಗೆ ಮಾಡಿದರೆ ಏನಾದೀತೆಂದು ಕೇಳಿಕೊಳ್ಳುವ ದಾರಿಯನ್ನು ಕಾಂಟ್ 1785ರಲ್ಲೇ ತೋರಿಸಿದ್ದಾನೆ. ಕೇಳಿ ನೋಡಿದೆವು. ಎಲ್ಲರೂ ಮಾಡಿದರೆ ಎಲ್ಲರಿಗೂ ಚಪ್ಪಲಿ ಸಿಗುತ್ತದೆ, ಕೆಲವರಿಗೆ ಹೆಬ್ಬೆರಳು ಕಚ್ಚುತ್ತದೆ, ಅಷ್ಟೇ. 'ಎಲ್ಲ ಒಂದೇ' ಎಂದು ಅದ್ವೈತದ ನೆರಳಿಗೆ ಹೋಗುವವರೂ ಉಂಟು. ಅವರಿಗೆ ಉಡುಪಿಯ ಕಡೆಯಿಂದ ಉತ್ತರ ಸಿದ್ಧವಾಗಿದೆ: ಮಧ್ವಾಚಾರ್ಯರ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು, ಮತ್ತು ಅದು ಸತ್ಯ. ಆ ಚಪ್ಪಲಿ ಬೇರೆ, ಈ ಚಪ್ಪಲಿ ಬೇರೆ. ಬಿಟ್ಟು ನಡೆಯತಕ್ಕದ್ದು.

ಕಲಾಮೀಮಾಂಸೆಗೆ ಬಂದರೆ, ವ್ಯಾನ್ ಗೋ 1886ರಲ್ಲಿ ಬಿಡಿಸಿದ ಹಳೇ ಬೂಟುಗಳಿವೆ. ಅವು ರೈತ ಹೆಂಗಸಿನವು ಎಂದು ಹೈಡೆಗರ್ ಮಣ್ಣಿನ ಮಹಿಮೆಯನ್ನೆಲ್ಲ ಅದರಲ್ಲಿ ಕಂಡ. ಅಲ್ಲ, ಚಿತ್ರಕಾರನ ಸ್ವಂತದ್ದೇ ಎಂದು ಮೇಯರ್ ಶಪಿರೊ 1968ರಲ್ಲಿ ಆಕ್ಷೇಪಿಸಿದ. ಆಮೇಲೆ ಡೆರಿಡಾ ಬಂದು, ಅವು ಜೋಡಿಯೇ ಹೌದೋ ಎಂದು ಕೇಳಿದ. ಬೂಟು ಯಾರದು, ಜೋಡಿ ಸರಿಯಿದೆಯೇ ಎಂಬ ವಿಚಾರಣೆಯನ್ನು ನಮ್ಮ ಸ್ಟ್ಯಾಂಡಿನ ಹುಡುಗ ಟೋಕನ್ ನೋಡಿ ಅರೆನಿಮಿಷದಲ್ಲಿ ಮುಗಿಸುತ್ತಾನೆ.

ಶ್ರದ್ಧೆಯ ವಿಷಯ ಇನ್ನೂ ಗಟ್ಟಿ. ಗುಡಿಯಲ್ಲಿ ಚಪ್ಪಲಿ ಹೋದರೆ ಶನಿ ತೊಲಗಿತು ಎನ್ನುತ್ತಾರೆ. ಹೋಗದಿದ್ದರೆ ದೇವರು ಕಾಪಾಡಿದ ಎನ್ನುತ್ತಾರೆ. ಸುಳ್ಳಾಗುವ ದಾರಿಯೇ ಇಲ್ಲದ್ದು ವಿಜ್ಞಾನವಲ್ಲ ಎಂದ ಕಾರ್ಲ್ ಪಾಪರ್. ಅಲ್ಲದಿದ್ದರೆ ಬೇಡ, ಬರಿಗಾಲಲ್ಲಿ ಬಸ್‌ಸ್ಟಾಂಡಿನವರೆಗೆ ನಡೆಯುವವನಿಗೆ ಪಾಪರ್‌ಗಿಂತ ಶನಿಯೇ ಸಮಾಧಾನ. ಆದರೆ ನಮ್ಮ ಶನಿಯನ್ನು ಹೊತ್ತುಕೊಂಡು ಹೋದವನು ಕಳ್ಳನೋ ಪರೋಪಕಾರಿಯೋ ಎಂಬುದನ್ನು ಯಾವ ಮತಾಚಾರ್ಯರೂ ತೀರ್ಮಾನಿಸಿಲ್ಲ.

ಪರಿಹಾರ ವೈಶೇಷಿಕರಲ್ಲಿದೆ. ಅವರ ಮತದಲ್ಲಿ 'ಎರಡು' ಎಂಬ ಸಂಖ್ಯೆ ವಸ್ತುಗಳಲ್ಲಿ ತಾನಾಗಿ ಕೂತಿರುವುದಿಲ್ಲ; ಇದೊಂದು, ಇದೊಂದು ಎಂದು ನೋಡುವವನ ಅಪೇಕ್ಷಾಬುದ್ಧಿಯಿಂದ ಹುಟ್ಟುತ್ತದೆ. ಆದ್ದರಿಂದ ಒಂದು ಚಪ್ಪಲಿಯನ್ನು ಪೂರ್ವದ ಬಾಗಿಲಲ್ಲಿ, ಇನ್ನೊಂದನ್ನು ಹಣ್ಣುಕಾಯಿ ಅಂಗಡಿಯ ಹಿಂದೆ ಬಿಡಿ. ಕಳ್ಳನಿಗೆ ಅಪೇಕ್ಷಾಬುದ್ಧಿ ಹುಟ್ಟದು, ದ್ವಿತ್ವ ಉಂಟಾಗದು, ಒಂಟಿ ಚಪ್ಪಲಿಯನ್ನು ಯಾರೂ ಒಯ್ಯರು. ನಮ್ಮ ಅಜ್ಜಂದಿರು ಕಣಾದನನ್ನು ಓದದೆಯೇ ಇದನ್ನು ಮಾಡುತ್ತಿದ್ದರು.

ಎಲ್ಲೆಲ್ಲಿ ಬಿಟ್ಟಿರೆಂದು ಮಾತ್ರ ಅಂಗಡಿಯವರಿಗೆ ಹೇಳಿಟ್ಟಿರಿ. ಸ್ಮೃತಿಯನ್ನು ನೈಯಾಯಿಕರು ಪ್ರಮೆ ಎಂದು ಒಪ್ಪುವುದಿಲ್ಲ.