ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ

ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದ ತಮ್ಮಂದಿರೇ, ತಂಗಿಯರೇ, ಪತ್ರ ಬರೆಯುವ ಕಲೆಯನ್ನು ಸುಧಾರಿಸಿಕೊಳ್ಳಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಥವಾಗುವಂತೆ ಬರೆದವರು ಸಿಕ್ಕಿಬೀಳುತ್ತಾರೆ.

ತಂಬ್ರಹಳ್ಳಿ ಕಡೆಯ ರೈತನೊಬ್ಬ ಹೊಲ ಅಳೆದು ಪಾಲು ಬೇರ್ಪಡಿಸುವ ಪೋಡಿಗೆ ಅರ್ಜಿ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ತಾಲ್ಲೂಕು ಕೇಂದ್ರ ಹಗರಿಬೊಮ್ಮನಹಳ್ಳಿಗೆ (ಹ.ಬೊ.ಹಳ್ಳಿ) ಬಸ್ಸು ಹತ್ತಿ ಹತ್ತಿ ಸುಸ್ತಾದ ಮೇಲೆ ಕೈಗೊಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. 'ಉಲ್ಲೇಖಿತ ಮನವಿಯನ್ನು ಪರಿಶೀಲಿಸಲಾಗಿ, ಸದರಿ ವಿಷಯದ ಬಗ್ಗೆ ನಿಯಮಾನುಸಾರ ಅಗತ್ಯ ಕ್ರಮ ಕೈಗೊಳ್ಳುವಂತೆ ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ ಎಂಬ ಅಂಶವನ್ನು ಈ ಮೂಲಕ ತಿಳಿಯಪಡಿಸಿದೆ.' ಪರಿಶೀಲಿಸಿದ್ದು ಯಾರು? ದೇವರೇ ಬಲ್ಲ. ಸೂಚಿಸಿದ್ದು ಯಾರಿಗೆ? ಸಂಬಂಧಪಟ್ಟವರಿಗೆ. ಸರ್ವೇಯರ್ ಬರುವುದು ಯಾವತ್ತು? ನಿಯಮಾನುಸಾರ. ಇದನ್ನೇ 'ಸರ್ವೇಯರ್ ಒಬ್ಬರೇ ಇದ್ದಾರೆ, ನಿಮ್ಮ ಸರದಿ ಮುಂದಿನ ತಿಂಗಳು' ಎಂದು ಬರೆದಿದ್ದರೆ ಮುಂದಿನ ತಿಂಗಳು ಅವನು ಅದೇ ಕಾಗದ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬೇಕಿತ್ತೇ ಈ ಉಸಾಬರಿ?

ಈಗ ಅವನು ಕಾಂಪೌಂಡಿನಾಚೆ ಅರ್ಜಿ ಬರೆಯುವವರ ಹತ್ತಿರ ಹೋಗುತ್ತಾನೆ. 'ಏನಂತ ಬರ್ದಾರ, ಒಂಚೂರು ಓದಿ ಹೇಳಣ್ಣ.' ಅವರು ಓದಿ, 'ಇನ್ನೊಂದು ಅರ್ಜಿ ಕೊಡಬೇಕು ನೋಡಪಾ' ಅನ್ನುತ್ತಾರೆ. 1963ರ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಮಾಡಿತು. ಆದರೇನು? ಇಂಗ್ಲಿಷ್ ಕಾಗದ ಓದಿಸಲು ಅಜ್ಜ ದುಡ್ಡು ಕೊಟ್ಟ, ಕನ್ನಡ ಕಾಗದ ಓದಿಸಲು ಮೊಮ್ಮಗ ಕೊಡುತ್ತಿದ್ದಾನೆ.

ನಮ್ಮ ಸೀಮೆಯಲ್ಲಿ ಬದಲಾವಣೆಗೇನೂ ಬರಗಾಲವಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹ.ಬೊ.ಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ಪ್ರತಿ ಸಲವೂ ಮೇಲಿನ ಲೆಟರ್‌ಹೆಡ್ಡು, ಕೆಳಗಿನ ಮೊಹರು ಬದಲಾದವು. ನಡುವಿನ 'ಪರಿಶೀಲಿಸಲಾಗಿ' ಕೂತ ಜಾಗ ಬಿಟ್ಟು ಕದಲಲಿಲ್ಲ. ಇಂತಿಷ್ಟು ದಿನದೊಳಗೆ ಸೇವೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆ ಬಂದು ದಿನ ಎಣಿಸತೊಡಗಿದಾಗಲೂ ಅದು ಬೆದರಲಿಲ್ಲ. ಕೆಲಸ ಆದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ.

ಹಾಗಂತ ಸರ್ಕಾರಕ್ಕೆ ಬರವಣಿಗೆಯ ಶಿಸ್ತು ಗೊತ್ತಿಲ್ಲ ಅನ್ನಬೇಡಿ. ರಾಜ್ಯದ ಮಾಹಿತಿ ಹಕ್ಕು ನಿಯಮಗಳಿಗೆ 2008ರಲ್ಲಿ ತಿದ್ದುಪಡಿ ತಂದು, ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ಹೇಳಿದೆ. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ತರಬೇತಿ ಸಂಸ್ಥೆಯೂ ಹೇಳಿಕೊಡಲಾರದು. ಕಲಿಯಬೇಕಾದವರು ಮಾತ್ರ ಅದಲುಬದಲಾಗಿದ್ದಾರೆ. ಈ ಪಾಠ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಕೇಳುವವನಿಗೆ, ಸಂಬಳ ಎಣಿಸಿಕೊಂಡು ಉತ್ತರ ಬರೆಯುವವರಿಗಲ್ಲ. ಇದೇ ನಿಯಮವನ್ನು ಹಿಂಬರಹಕ್ಕೂ ಹಾಕಲಿ. ಒಂದು ವಿಷಯ, 150 ಪದ, ಮಾಡುವವರು ಯಾರು, ಯಾವ ತಾರೀಖಿನೊಳಗೆ. ಹೊಸ ಸುತ್ತೋಲೆಯಾಗಲಿ, ಎರಡು ದಿನದ ಕಾರ್ಯಾಗಾರವಾಗಲಿ ಬೇಕಿಲ್ಲ.

ಅಲ್ಲಿಯವರೆಗೆ ಓದುಗರು ಜೇಬಿನಲ್ಲಿ 10 ರೂಪಾಯಿ ಇಟ್ಟುಕೊಂಡಿರಿ. 'ಸಂಬಂಧಪಟ್ಟವರು ಯಾರು?' ಎಂದು ಕೇಳಲು 150 ಪದ ಬೇಡ, ಎರಡೇ ಸಾಕು.